ಕಂಪ್ಯೂಟರಿನ ಗವಸು

ರಿಪೇರಿ ಅಂಗಡಿಯಲ್ಲಿ ಕೆಟ್ಟ ಪ್ರಿಂಟರನ್ನು ಅಪ್ಪಿಕೊಂಡು ಸರದಿ ಕಾಯುತ್ತಿದ್ದ ಮೇಷ್ಟ್ರ ಮುಂದೆ ಗಂಡ ಹೆಂಡತಿ ಕಂಪ್ಯೂಟರ್ ತಂದು ನಿಂತಿದ್ದರು.

"ಇವಳ ತಮ್ಮ ಆಟ ಆಡಿ ಆಡಿ ಕೆಡಿಸಿದ. ಹತ್ತು ನಿಮಿಷಕ್ಕೆ ಹ್ಯಾಂಗ್ ಆಗುತ್ತೆ," ಎಂದ ಗಂಡ.

"ಒಳಗೆ ಏನೂ ಕೆಟ್ಟಿಲ್ಲ ಸಾರ್, ಕಾವಿಗೆ ನಿಂತುಹೋಗ್ತಿದೆ. ಮೇಲೆ ಏನಾದ್ರೂ ಹೊದಿಸ್ತೀರಾ?" ಎಂದ ಪೆಟ್ಟಿಗೆ ಬಿಚ್ಚಿ ನೋಡಿದ ರಿಪೇರಿಯವನು.

"ಧೂಳು ಕೂರಬಾರದು ಅಂತ ನಾನೇ ಗವಸು ಹೊಲಿದು ಹಾಕಿದೀನಿ," ಎಂದಳು ಹೆಂಡತಿ. "ಗುಂಡಿ ಒತ್ತೋಕೆ ಕಿಂಡಿ ಬಿಟ್ಟಿದೀನಿ."

"ಅದೇ ಅಮ್ಮ, ಅದಕ್ಕೆ ಉಸಿರು ಕಟ್ಟಿರೋದು."

ಹೆಂಡತಿ ಗಂಡನ ಕಡೆ ತಿರುಗಿದಳು.

"ಗವಸು ತೆಗಿ ಅಕ್ಕ ಅಂತ ತಮ್ಮ ಬಾಯಿ ಬಡ್ಕೊಂಡ. ನೆಪ ಹೇಳ್ತಾನೆ ಅಂತ ಇಬ್ಬರೂ ಸೇರಿ ಬೈದ್ವಿ. ಮನೆ ಬಿಟ್ಟೇ ಹೋದ."

"ಫೋನ್ ಮಾಡಿ ಹೇಳು."

"ದಿನಾ ಮಾಡ್ತೀನಿ ಕಣ್ರೀ. ಎತ್ತಲ್ಲ."

ಗಂಡ ಕಂಪ್ಯೂಟರ್ ಎತ್ತಿಕೊಂಡ. ಬಾಗಿಲು ದಾಟುವಾಗ ಅವನ ದನಿ ಮೇಷ್ಟ್ರಿಗೆ ಕೇಳಿಸಿತು: "ಅವನ ನಂಬರ್ ಹೇಳು, ನಾನು ಮಾಡ್ತೀನಿ."