ಹಂಡೆ ನೀರು

ಇದು ಊರಿನ ಲಾಡ್ಜಿನ ಶೇಷಗಿರಿಯವರ ದನಿಯೇ ಇರಬಹುದೇ? ನೆದರ್‌ಲ್ಯಾಂಡ್ಸ್‌ನ ಹೂಫ್‌ಡಾರ್ಪಿನ ಬಸ್ ನಿಲ್ದಾಣಕ್ಕೆ ಅವರೇಕೆ ಬರುತ್ತಾರೆ? ಜಯದೇವ ತಿರುಗಿ ನೋಡಲಿಲ್ಲ. ಹಿಂದಿನ ಬೆಂಚಿನಲ್ಲಿ ಮುದುಕರೊಬ್ಬರು ಮಗಳೊಂದಿಗೆ ತಮ್ಮ ಬೆಟ್ಟದೂರಿನ ಲಾಡ್ಜಿನ ಮಾತಾಡುತ್ತಿದ್ದರು.

“ಗಣಿ ಮುಚ್ಚಿದ್ಮೇಲೆ ಹತ್ತು ವರ್ಷ ನೊಣ ಹೊಡ್ಕೊಂಡು ಕೂತಿದ್ದೆ ಕಣಮ್ಮ. ಈಗ ಬೆಟ್ಟ ಹತ್ತೋಕೆ ಜನ ಬರ್ತಾರೆ. ಭಾನುವಾರ ಒಂದು ರೂಮೂ ಖಾಲಿ ಇರಲ್ಲ.”

“ಇನ್ನಾದ್ರೂ ಗೀಸರ್ ಹಾಕ್ಸಿ ಅಪ್ಪಾ.”

“ಬಂದೋರೇ ಬೇಡ ಅಂತಾರೆ. ತಿಮ್ಮಣ್ಣ ಸೌದೆ ಒಲೇಲಿ ಕಾಯ್ಸಿದ ಹಂಡೆ ನೀರೇ ಆಗ್ಬೇಕಂತೆ. ಅವನ ಜೊತೆ ಫೋಟೋ ಬೇರೆ.”

“ತಿಮ್ಮಣ್ಣನ ಮಗ ಒಂದ್ಸಲ ಬಂದು ಉಳ್ಕೊಂಡಿದ್ದ ಅಲ್ವಾ?”

“ಹೂಂ, ಆಫೀಸಿನ ಸ್ನೇಹಿತರ ಜೊತೆ. ರಿಜಿಸ್ಟರಲ್ಲಿ ಊರು ಬೆಂಗಳೂರು ಅಂತ ಬರೆದ. ಅಪ್ಪನ್ನ ಗುರುತೇ ಇಲ್ದೋನ ಹಾಗೆ ನೋಡ್ದ. ತಿಮ್ಮಣ್ಣ ಬಕೆಟ್ ಬಾಗ್ಲಲ್ಲಿಟ್ಟು, ‘ನೀರು, ಸಾರ್’ ಅಂದು ಇಳಿದು ಬಂದ.”

ಜಯದೇವ ಮಫ್ಲರನ್ನು ಮೂಗಿನವರೆಗೆ ಎಳೆದುಕೊಂಡ. ಅಂದು ಆ ಬಾಗಿಲು ತೆರೆದವನು ಅವನೇ.

“ಪಾಪ, ಎಷ್ಟು ಬೇಜಾರಾಗಿರ್ಬೇಕು.”

“ಅದನ್ನ ಹೇಳಲ್ಲ. ಇವತ್ತಿಗೂ ಒಂದೇ ಕೇಳ್ತಾನೆ. ‘ಅವತ್ತು ಸೌದೆ ಹಸಿ ಇತ್ತು ಸ್ವಾಮಿ. ಹುಡುಗಂಗೆ ನೀರು ಸಾಕಷ್ಟು ಬಿಸಿಯಾಗಿತ್ತೋ ಇಲ್ವೋ’ ಅಂತ.”

ಬಸ್ಸು ಬಂತು. ಮಗಳು ಕೈ ಹಿಡಿದು ಅಪ್ಪನನ್ನು ಹತ್ತಿಸಿದಳು. ಜಯದೇವನೂ ಅದೇ ಬಸ್ಸಿಗೆ ಕಾದಿದ್ದ, ಹತ್ತಲಿಲ್ಲ.

ನೀರು ಬಿಸಿಯಾಗಿತ್ತೆಂದು ಅವನು ಅಪ್ಪನಿಗೆ ಯಾವತ್ತೂ ಹೇಳಲಿಲ್ಲ.