ಲಕ್ಕಿಯ ಕಾಲು

ಅಲ್ಲ, ಕೈ ಎಂತಕೆ ತೆಗೆದ್ರಿ? ಒತ್ತಿ ಡಾಕ್ಟ್ರಮ್ಮ, ಒತ್ತಿ! ಈಗಷ್ಟೇ ಅವ್ರ ಸೊಂಟದ ಮೇಲೆ ಕೈ ಇಟ್ಟಿದ್ರಿ, ಕಾಲು ಎತ್ತಿ ನೋಡಿದ್ರಿ, ಪಾದದಡಿ ಎಂತದೋ ಕಡ್ಡಿಯಲ್ಲಿ ಗೀರಿದ್ರಿ... ಕೂಡ್ಲೆ ಬಾಗಿಲು ಎಳ್ದು ನನ್ನ ಇಲ್ಲಿ ಹೊರಗೆ ಮೇಜಿನ ಹತ್ರ ತಂದು ಕೂರಿಸಿದ್ರಲ್ಲ! ನಂಗೆಂತ ಆಗ್ಯದೆ? ನಾ ಗಟ್ಟಿಮುಟ್ಟು ಇದ್ದೆ. ನೋವಿರೂದು ನಮ್ಮನೆಯವ್ರಿಗೆ. ಒಳಗೆ ಬೋರಲು ಮಲಗಿದ್ದಾರಲ್ಲ, ಅವ್ರಿಗೆ.

ಹೆಸ್ರಾ? ಗಂಡನ ಹೆಸ್ರು ನನ್ನ ಬಾಯಲ್ಲಿ ಹೇಳಿಸ್ತೀರಾ... ನಗಾಡ್ಬೇಡಿ ಮತ್ತೆ. ದೇವಪ್ಪ. ಊರು ತದಡಿ. ವಯಸ್ಸು ಐವತ್ತೆರಡು. ಬೋಟಿನ ತಾಂಡೇಲರು. ಬೋಟು ಎತ್ಲಾಗೆ ಹೋಗ್ಬೇಕು, ಬಲೆ ಎಲ್ಲಿ ಬಿಡ್ಬೇಕು, ಎಲ್ಲ ಅವ್ರು ಹೇಳ್ದಂಗೆ. ಮಳೆಗಾಲದ ಮೀನುಗಾರಿಕೆ ಬಂದ್ ಮುಗ್ದು ಆಗಸ್ಟ್ ಒಂದಕ್ಕೆ ಬೋಟು ಇಳೀತದೆ. ಇವತ್ತು ಶುಕ್ರವಾರ... ಇನ್ನು ಆರೇ ದಿನ. ಅವ್ರಿಲ್ದಿದ್ರೆ ಬೇರೆಯವ್ರನ್ನ ಹತ್ತಿಸ್ತ್ರು, ಒಂದ್ಸಲ ಹತ್ತಿಸಿದ್ರೆ ಮತ್ತೆ ಇಳಿಸೂದಿಲ್ಲ. ಅದ್ಕೇ ಹೇಳೂದು, ಒಂದೇ ಒಂದ್ಸಲ ಟಕ್ ಅನಿಸಿಬಿಡಿ. ನಾವು ಬಂದ ಮೀನಿನ ಟೆಂಪೊ ಕೆಳಗೇ ನಿಂತದೆ. ಎದ್ದು ನಡ್ಕಂಡು ಹೋಗಿ ಕೂತ್ಕಳ್ಳಲಿ.

ನೀವು ಅನಿಸ್ತೀರಿ, ನಾ ನೋಡಿದ್ದೆ. ಮೊಬೈಲಲ್ಲಿ! ನಿಮ್ಮ ಬೋರ್ಡಲ್ಲಿ ಕೈರೋಪ್ರಾಕ್... ಎಂತದೋ ಬರ್ದದೆ, ಅದು ನಮ್ಮ ನಾಲಗೆಗೆ ಹತ್ತೂದಿಲ್ಲ. ನಮ್ಮ ಬದಿಗೆ ಎಲ್ಲ ‘ಕುಮಟೆಯ ಟಕ್ ಡಾಕ್ಟ್ರಮ್ಮ’ ಅಂತ್ರು. ಬೇಜಾರ ಮಾಡ್ಕಬೇಡಿ. ಹಿರೇಗುತ್ತಿಯ ಮಾಸ್ತರೊಬ್ರು ಕುತ್ತಿಗೆ ತಿರುಗಿಸೂಕೆ ಆಗ್ದೆ ಬಂದಿದ್ರಲ್ಲ... ನೀವು ಗಲ್ಲ ಹಿಡ್ದು ಹಿಂಗೆ ತಿರುಗ್ಸಿ... ಟಕ್! ಮನುಷ್ಯ ನಗ್ತಾ ಎದ್ದು ಕೂತ. ಆ ವಿಡಿಯೊ ನಾ ಎಷ್ಟ್ಸಲ ನೋಡಿದ್ದೆ ಗೊತ್ತದ್ಯಾ? ಇಪ್ಪತ್ತು ಸಲ. ಹೆಚ್ಚೇ.

ಎಂತಕೆ ಅಷ್ಟ್ಸಲ ಅಂದ್ರೆ? ಸುಮ್ನೆ. ಮೀನು ಮಾರಿ ಬಂದು ಕೂತಾಗ ಹೊತ್ತು ಹೋಗ್ಬೇಕಲ್ಲ.

ಹೆಂಗಾತು ಅಂತ ಆಗ್ಲೇ ಹೇಳ್ದೆ. ಬಂದರಿನ ಧಕ್ಕೆಯಲ್ಲಿ ರಿಪೇರಿಗೆ ಹಾಕಿದ್ದ ಬಲೆ ಎತ್ತಿದ್ರು. ಮಳೆಗೆ ಒದ್ದೆಯಾದ ಬಲೆ ಹೆಣಭಾರ ಇರ್ತದೆ. ಕಟ್ ಅಂತ ಹಿಡ್ಕಂತು. ಇವತ್ತು ಬೆಳಿಗ್ಗೆ... ಎಂತ? ಇಷ್ಟು ಜೋಮು ಒಂದೇ ಬೆಳಿಗ್ಗೆಗೆ ಬರೂದಿಲ್ವಾ? ಹಂಗಾದ್ರೆ ನಿನ್ನೆ ಇರ್ಬೇಕು. ನಿನ್ನೆ ಬೆಳಿಗ್ಗೆ. ಈ ಗಡಿಬಿಡಿಯಲ್ಲಿ ನಂಗೆ ವಾರ ತಿಥಿ ಎಂತದೂ ತಲೆಯಲ್ಲಿಲ್ಲ, ಡಾಕ್ಟ್ರಮ್ಮ.

ಒಂದಕ್ಕೆ ಹೋದ್ರಾ ಅಂತನಾ? ಅದನ್ನೂ ಕೇಳ್ತೀರಿ... ನಿನ್ನೆ ಸಂಜೆಯಿಂದ ಹೋಗ್ಲಿಲ್ಲ. ನೀರು ಕುಡೀದೇ ಇದ್ರೆ ಎಲ್ಲಿಂದ ಬರ್ತದೆ ಹೇಳಿ? ಕುಡ್ದಿದ್ರು, ಹೌದು, ಎರಡು ಚೊಂಬು ಗಂಜಿತಿಳಿ ನಾನೇ ಕುಡಿಸ್ದೆ... ಕೂತೂ ನೋಡಿದ್ರು. ಬರ್ಲಿಲ್ಲ. ಮುಖ ಎಂತಕೆ ಹಂಗೆ ಮಾಡಿದ್ರಿ? ಅದ್ಕೂ ಸೊಂಟಕ್ಕೂ ಎಂತ ಸಂಬಂಧ?

ಯಾರಿಗೆ ಫೋನು? ಡಾಕ್ಟ್ರಮ್ಮ... ಯಾರಿಗೆ? ಆಂಬುಲೆನ್ಸು ಎಂತಕೆ? ಮಂಗ್ಳೂರಾ? ಬೇಡ! ಬೇಡ ಅಂದೆ! ಫೋನು ಇಡಿ ನೀವು! ಉಳುಕು ತೆಗೆಸೂಕೆ ಬಂದವ್ರನ್ನ ಮಂಗ್ಳೂರಿಗೆ ಕಳಿಸ್ತೀರಾ? ನಿಮ್ಮ ಕೈಯಲ್ಲಿ ಆಗೂದಿಲ್ಲ ಅಂದ್ರೆ ಹಂಗೇ ಹೇಳಿ. ಹಂಗಾದ್ರೆ ಆ ವಿಡಿಯೊ ಎಲ್ಲ ಸುಳ್ಳಾ? ಇಷ್ಟು ದೊಡ್ಡ ಬೋರ್ಡು, ಗೋಡೆಯಲ್ಲಿ ಇಷ್ಟು ದೊಡ್ಡ ಬೆನ್ನೆಲುಬಿನ ಚಿತ್ರ...

ತಪ್ಪಾತು. ತಪ್ಪಾತು ತಂಗೀ. ನನ್ನ ಬಾಯಿ ಹಿಂಗೇ, ಮೀನು ಮಾರೂ ಬಾಯಿ. ಹೇಳಿ, ಕೇಳ್ತೆ.

ಒತ್ತಿದ್ರೆ ಇನ್ನೂ ಹಾಳಾಗ್ತದ್ಯಾ? ನರ ಸಿಕ್ಕಂಡದ್ಯಾ ಒಳಗೆ? ಕೊಯ್ದು ಬಿಡಿಸ್ಬೇಕಾ... ಅಯ್ಯೋ ದೇವ್ರೇ. ಹೊತ್ತು ಕಳ್ದಷ್ಟೂ ಕಾಲು ಸತ್ತೇ ಹೋಗ್ತದೆ ಅಂತೀರಾ? ಅದ್ಕೇನಾ ನೀವು ಯಾವಾಗಾತು ಯಾವಾಗಾತು ಅಂತ ಒಂದೇ ಸಮ ಕೇಳೂದು? ಅಲ್ಲಿಯ ಡಾಕ್ಟ್ರಿಗೆ ಚೀಟಿ ಬರೀಬೇಕು, ಹೆಂಗಾತು, ಯಾವತ್ತಾತು, ಸರಿಯಾಗಿ ಬರೀಬೇಕು... ಹೇಳ್ದೆನಲ್ಲ. ನಿನ್ನೆ. ಬಲೆ ಎತ್ತೂವಾಗ. ಬೆನ್ನೆಲುಬಿನ ಕೆಳಗಿಂದ ಎರಡ್ನೇ ಗೆಣ್ಣು, ಚೂರು ಎಡಕ್ಕೆ. ಅಲ್ಲೇ ಹಿಡ್ದದ್ದು. ಮುಟ್ಟಿದ್ರೆ ಬೆರಳಿಗೆ ಸಿಗ್ತದೆ, ಕಡ್ಲೆಯಷ್ಟು ಗಂಟು.

ಆಂ? ನಂಗೆ ಹೆಂಗೆ ಗೊತ್ತು ಅಂದ್ರೆ... ಹೆಂಡ್ತಿ ಅಲ್ದಾ ನಾನು? ಎಣ್ಣೆ ತಿಕ್ಕೂವಾಗ ಗೊತ್ತಾಗೂದಿಲ್ವಾ?

ಎಂತ ಹೇಳಿದ್ರಿ? ಇನ್ನೊಂದ್ಸಲ ಹೇಳಿ. ನಾ ಟೆಂಪೊದವ್ನ ಹತ್ರ ಮಾತಾಡೂಕೆ ಹೋದಾಗ ಅವ್ರು ಹಂಗೆ ಹೇಳಿದ್ರಾ? ಧಕ್ಕೆಯ ಮೆಟ್ಟಿಲಲ್ಲಿ ಜಾರಿ ಬಿದ್ದೆ ಅಂತ? ಅವ್ರೇ? ಅವ್ರ ಬಾಯಲ್ಲೇ?

ಇಲ್ಲ... ಬಲೆಯೂ ಎತ್ತಿರ್ಬೇಕು. ಬಲೆ ಎತ್ತಿ, ಆಮೇಲೆ ಜಾರಿ... ಹಂಗೂ ಆಗ್ತದಲ್ಲ?

ಪೆನ್ನು ಎಂತಕೆ ಕೆಳಗಿಟ್ರಿ ತಂಗೀ? ಈಗಿನವರೆಗೆ ನೂರು ಪ್ರಶ್ನೆ ಕೇಳಿದ್ರಿ. ಬೆನ್ನಿನ ಮೇಲೆ ಎಂತ ಅದೆ? ನೀಲಿ ಗುರುತಾ? ಗೆಣ್ಣಿನ ಆಚೆಗೊಂದು, ಈಚೆಗೊಂದು... ಬಿದ್ದದ್ದು ಇರ್ಬೇಕು. ಬಿದ್ದವ್ರಿಗೆ ನೀಲಿ ಆಗೂದಿಲ್ವಾ?

ಎಂತಕೆ ಕೆಳಗೆ ನೋಡ್ತೀರಿ? ನನ್ನ ಕಾಲಲ್ಲಿ ಎಂತ ಅದೆ? ಕೆಸರು. ಮಳೆಯಲ್ಲಿ ಬಂದದ್ದು, ಕೆಸರು ಅಷ್ಟೇ. ನೋಡ್ಬೇಡಿ. ಹಂಗೆ ನೋಡ್ಬೇಡಿ ಅಂದೆ!

...

ಗೊತ್ತಾತಾ ನಿಮಗೆ? ಯಾರಾದ್ರೂ ಹೇಳಿರ್ಬೇಕು ಮುಂಚೆ. ತದಡಿಯಿಂದ ಇಲ್ಲಿಗೆ ಬಂದವ್ರೆಲ್ಲ ಹೇಳಿರ್ತ್ರು, ‘ಮೊದ್ಲು ಮೆಟ್ಟೂ ಲಕ್ಕಿಯ ಹತ್ರ ಹೋಗಿದ್ದೆ’ ಅಂತ. ನಾನೇ. ನಾನೇ ಅವ್ಳು. ಕಾಲು ಮುಂದಾಗಿ ಹುಟ್ಟಿದವ್ಳು. ತಾಯಿ ಹೊಟ್ಟೆಯಿಂದ ಕಾಲು ಮೊದ್ಲು ಬಂದವ್ರು ಹಿಮ್ಮಡಿ ತಾಗಿಸಿದ್ರೆ ಸೊಂಟದ ಉಳುಕು ಹೋಗ್ತದೆ, ನಿಮ್ಮ ಅಜ್ಜಿಯೂ ಹೇಳಿರ್ತ್ರು ಕೇಳಿ ನೋಡಿ. ಆರು ವರ್ಷದವ್ಳಿದ್ದಾಗಿಂದ ಮೆಟ್ಟಿದ್ದೆ. ಬೆಳಿಗ್ಗೆ ಬಾಗಿಲು ತೆಗೆಯೂದ್ರೊಳಗೆ ಅಂಗಳದಲ್ಲಿ ಇಬ್ರು ಮೂವರು ಬೋರಲು ಮಲಗಿರ್ತಿದ್ರು. ಮೂರು ಸಲ ಹಿಮ್ಮಡಿ ತಾಗಿಸೂದು, ಅಷ್ಟೇ. ಭಾರ ಬಿಡೂಕಿಲ್ಲ. ಹೂವಿನಂಗೆ. ‘ಹೋತು ಲಕ್ಕೀ’ ಅಂತ ಎದ್ದು ಹೋಗ್ತಿದ್ರು. ಒಂದು ಪೈಸೆ ಮುಟ್ಟಲಿಲ್ಲ ನಾನು. ಮುಟ್ಟಿದ್ರೆ ಗುಣ ಹೋಗ್ತದೆ ಅಂತ.

ಹೋದ ವರ್ಷ ನೀವು ಬಂದ್ರಿ. ಅಂಗಳ ಖಾಲಿಯಾತು. ಹೊಟ್ಟೆ ಉರೀಲಿಲ್ಲ ಅಂದ್ರೆ ಸುಳ್ಳು. ‘ಕೈಯಲ್ಲಿ ಒತ್ತೂಕೆ ಅಷ್ಟು ವರ್ಷ ಓದ್ಬೇಕಾ ಆ ಹೆಣ್ಣಿಗೆ’ ಅಂತ ಮೀನು ಪ್ಯಾಟೆಯಲ್ಲಿ ಕೂತು ನಿಮ್ಮನ್ನ ಆಡ್ಕಂಡಿದ್ದೆ. ಕಾಲಿಗೆ ಬೀಳ್ತೆ ಬೇಕಾದ್ರೆ.

ಇವ್ರಿಗೆ ಹದಿನೈದು ದಿನದ ಹಿಂದೆ ಹಿಡ್ದದ್ದು. ಬಲೆ ಎತ್ತೂವಾಗಲೇ, ಅದು ಸುಳ್ಳಲ್ಲ. ಆಗ ಜೋಮಿಲ್ಲ ಎಂತಿಲ್ಲ, ಬರೀ ನೋವು. ನಡೀತಿದ್ರು. ‘ಕುಮಟೆಗೆ ಹೋಗುವ’ ಅಂತ ನಾನೇ ಅಂದೆ, ಹೌದು, ನಾನೇ! ಅವ್ರು ನಕ್ರು. ‘ಮನೆಯಲ್ಲೇ ಲಕ್ಕಿ ಇರೂವಾಗ ಆ ಟಕ್ ಡಾಕ್ಟ್ರಮ್ಮ ಎಂತಕೆ’ ಅಂದ್ರು. ಊರೆಲ್ಲ ನನ್ನ ಬಿಟ್ರೂ ಇವ್ರು ಬಿಡ್ಲಿಲ್ಲ. ಮೂರು ಬೆಳಿಗ್ಗೆ ಹಿಮ್ಮಡಿ ತಾಗಿಸ್ದೆ. ಕಮ್ಮಿ ಆಗ್ಲಿಲ್ಲ. ಯಾಕೆ ಆಗ್ತದೆ? ನಂಗೆ ಗೊತ್ತಿತ್ತು ಆಗೂದಿಲ್ಲ ಅಂತ.

ನಂಗೆ ಮಾತ್ರ ಗೊತ್ತಿತ್ತು. ಯಾರಿಗೂ ಹೇಳಿದ್ದಿಲ್ಲ ಇದು. ನನ್ನ ಹೆತ್ತ ಅವ್ವಿ ಜೀವ ಹೋಗೂ ಮುಂಚೆ ಕೈ ಹಿಡ್ಕಂಡು ಹೇಳಿದ್ಳು... ನಾ ಕಾಲು ಮುಂದಾಗಿ ಹುಟ್ಟಿದ್ದೇ ಅಲ್ಲ. ಎಲ್ಲರಂಗೆ, ತಲೆ ಮೊದ್ಲು. ಮೂರ್ನೇ ಹೆಣ್ಣು ನಾನು, ಅಜ್ಜಿ ಮುಖ ತಿರುಗ್ಸಿ ಕೂತಿದ್ಳಂತೆ. ‘ಕಾಲು ಮುಂದಾಗಿ ಬಂತು, ಗುಣ ಇರೂ ಶಿಶು’ ಅಂತ ಅವ್ವಿ ಒಂದು ಮಾತು ಅಂದ್ಳು. ಅಜ್ಜಿ ಎತ್ಕಂಡ್ಳು. ಅಷ್ಟೇ ಕತೆ. ಅದು ಕೇಳ್ದ ಮೇಲೂ ಹನ್ನೊಂದು ವರ್ಷ ಮೆಟ್ಟಿದ್ದೆ ತಂಗೀ. ಬಿಟ್ರೆ ನಾ ಯಾರು ಹೇಳಿ? ಮೀನು ಮಾರೂ ನೂರು ಜನದಲ್ಲಿ ಒಬ್ಳು.

ಕಾಲಲ್ಲಿ ಗುಣ ಇಲ್ಲ ಅಂತ ಗೊತ್ತಾದವ್ಳು ಎಂತ ಮಾಡ್ಬೇಕು? ಬಾಯಿ ಬಿಟ್ಟು ಹೇಳ್ಬೇಕಿತ್ತು. ನಾ ಹೇಳ್ಲಿಲ್ಲ. ನಿಮ್ಮ ವಿಡಿಯೊ ನೋಡ್ದೆ. ಮತ್ತೆ ಮತ್ತೆ ನೋಡ್ದೆ. ಓ, ಆ ಟಕ್ ಅನ್ನೂ ಶಬ್ದ ಬರ್ಬೇಕು... ಶಬ್ದ ಬಂದ್ರೆ ಉಳುಕು ಹೋದಂಗೆ ಅಂದ್ಕಂಡೆ. ನಿಮಗೆ ಕೈ, ನಂಗೆ ಕಾಲು. ಕಿಟಕಿಯ ಸರಳು ಹಿಡ್ಕಂಡು ಅವ್ರ ಸೊಂಟದ ಮೇಲೆ ಹತ್ತಿ ನಿಂತೆ. ಪೂರ್ತಿ ಭಾರ ಬಿಟ್ಟೆ. ಬರ್ಲಿಲ್ಲ. ಒಂದ್ಸಲ ಕುಪ್ಪಳಿಸ್ದೆ.

ಬಂತು. ಶಬ್ದ ಬಂತು ತಂಗೀ. ನಿಮ್ಮ ವಿಡಿಯೊದಲ್ಲಿ ಬಂದಂಗೇ. ಅವ್ರು ‘ಹಾ’ ಅಂದ್ರು... ನಾನು ನಕ್ಕೆ! ‘ಹೋತು ಕಾಣಿ!’ ಅಂತ ಚಪ್ಪಾಳೆ ತಟ್ಟಿ ನಕ್ಕೆ!

ಏಳೂಕೆ ಆಗ್ಲಿಲ್ಲ ಅವ್ರಿಗೆ. ಸಂಜೆಗೆ ಕಾಲು ಜೋಮು ಅಂದ್ರು. ನಾಳೆ ಸರಿಯಾಗ್ತದೆ ಅಂದೆ. ಮಾರನೇ ದಿನ ಬೆರಳು ಆಡ್ಲಿಲ್ಲ. ನಾಳೆ ಸರಿಯಾಗ್ತದೆ ಅಂದೆ. ಯಾರನ್ನೂ ಒಳಗೆ ಬಿಡ್ಲಿಲ್ಲ, ನೋಡಿದ್ರೆ ಗೊತ್ತಾಗ್ತದಲ್ಲ. ನಿನ್ನೆ ಮೂತ್ರ ನಿಂತ ಮೇಲೆ ನಾನೇ ಟೆಂಪೊದವ್ನಿಗೆ ಹೇಳಿ ಕಳಿಸ್ದೆ.

ಇವತ್ತು ಬೆಳಿಗ್ಗೆ, ಟೆಂಪೊ ಬರೂ ಮುಂಚೆ, ಅವ್ರು ಕರೆದ್ರು. ‘ಲಕ್ಕೀ, ಕುಮಟೆ ಬೇಡ. ಇನ್ನೊಂದ್ಸಲ ಮೆಟ್ಟೇ. ಆ ದಿನ ನೀ ಹೆದರ್ಕಂಡು ಮೆಟ್ಟಿದೆ, ಅದ್ಕೇ ಪೂರ್ತಿ ಹೋಗ್ಲಿಲ್ಲ’ ಅಂದ್ರು. ಮಲ್ಕಂಡಲ್ಲೇ ಕೈ ಚಾಚಿ ನನ್ನ ಪಾದ ಮುಟ್ಟಿ ಕಣ್ಣಿಗೆ ಒತ್ಕಂಡ್ರು. ಈ ಪಾದ. ಈ ಕೆಸರಿನ ಪಾದ. ನಿಮ್ಮ ಹತ್ರ ಮೆಟ್ಟಿಲಲ್ಲಿ ಬಿದ್ದೆ ಅಂತ ಎಂತಕೆ ಹೇಳಿದ್ರು ಗೊತ್ತಾತಾ? ಲಕ್ಕಿಯ ಕಾಲಿನ ಹೆಸ್ರು ಹಾಳಾಗ್ಬಾರ್ದು ಅಂತ. ಅವ್ರು ಈಗ್ಲೂ ನಂಬಿದ್ದಾರೆ.

ಬೈಯಿರಿ. ಎಂತಾದ್ರೂ ಹೇಳಿ. ನಡೀತಾರಾ ಅಂತ ಕೇಳೂಕೆ ನಂಗೆ ಬಾಯಿಲ್ಲ, ಆದ್ರೂ ಕೇಳ್ತೆ. ನಡೀತಾರಾ?

ಕೆಳಗೆ ಆಂಬುಲೆನ್ಸು ಬಂತು ಕಾಣ್ತದೆ. ಬಾಗಿಲು ತೆಗೀರಿ ತಂಗೀ, ಅವ್ರಿಗೂ ಕೇಳ್ಲಿ. ಪೆನ್ನು ತಕ್ಕಳಿ. ನಿನ್ನೆ ಅಂತ ಬರ್ದದ್ದು ಹೊಡ್ದು ಹಾಕಿ. ಬಲೆಯಲ್ಲ, ಮೆಟ್ಟಿಲಲ್ಲ. ಬರ್ಕಳಿ... ಮಂಗಳವಾರ. ಬೆಳಿಗ್ಗೆ ಆರು ಗಂಟೆ. ಹೆಂಡ್ತಿ ಲಕ್ಕಿ. ಎರಡೂ ಕಾಲು.