ನೇಮಿನಾಥನ ಪೆಟ್ಟಿಗೆಯ ಕಪ್ಪೆ

ಹುಕ್ಕೇರಿಯಲ್ಲಿ ಮೋಟಾರು ನಿಲ್ಲುವ ಬೇವಿನ ಮರದಡಿ ಕುರಿಗಾರ ಶಿದ್ರಾಮ ಕೇಳಿದ್ದು ಇಷ್ಟು. ಪದ್ಮವ್ವ ಮುನಿಸಿಕೊಂಡು ಮಗಳ ಮನೆಗೆ ಹೊರಟಿದ್ದಳು. ಮಗ ನೇಮಿನಾಥನಿಗೆ ಅವ್ವನೂ ಬೇಕು, ಮನೆಯೊಳಗೆ ತಾನು ಮಾಡಿಟ್ಟ ಗಾಜಿನ ಪೆಟ್ಟಿಗೆಯೂ ಬೇಕು.

“ಪೆಟ್ಟಿಗ್ಯಾಗ ಗಿಡ ಹಚ್ಚಿದಿ, ಅಟ್ಟದ ಹಂಡೇದಿಂದ ಗೋಕಾಕದಂಗ ನೀರ ಧುಮುಕಿಸಿದಿ, ಸುಮ್ಮನಿದ್ನಿ. ಕಪ್ಪಿ ಯಾಕ ಬಿಟ್ಟಿ?”

“ತಾನ ಬಂತಬೇ.”

“ಜೈನರ ಮನ್ಯಾಗ ಕುಂತು ಹುಳ ತಿಂತೈತಿ.”

“ಬಿಟ್ಟೈತಿ. ಈಗ ಬರೇ ಪಾಚಿ. ನಮ್ಮಂಗ ಹೊತ್ತ ಮುಳುಗಿದ ಮ್ಯಾಲ ಅದನೂ ಮುಟ್ಟೂದಿಲ್ಲ.”

“ಮತ್ತ ರಾತ್ರಿಯೆಲ್ಲಾ ಯಾಕ ಒದರತೈತಿ?”

“ಹಸದಿರತೈತಿ, ಪಾಪ.”

ಮೋಟಾರು ಬಂದು ನಿಂತಿತು. ಪದ್ಮವ್ವ ಹತ್ತಲಿಲ್ಲ, ಗಂಟನ್ನು ಮಗನ ತಲೆಯ ಮೇಲಿಟ್ಟು ಮನೆಯ ಕಡೆ ತಿರುಗಿದಳು.

“ನಡಿ. ಸಂಜಿಕೆ ಅದರ ಮುಂದ ನಾನ ಕುಂಡ್ರತೀನಿ. ಒಂದ ಹುಳ ನುಂಗಿತಂದ್ರ, ನಾಳಿಂದ ಉಪಾಸ ನೀ ಮಾಡ್ತಿ.”